ಇಲ್ಲದ ತಂತಿ

“ಎತ್ತಿ, ಇನ್ನೊಂಚೂರು ಎತ್ತಿ! ಕಾಲ ಹತ್ರ ಕರೆಂಟಿದೆ!”

ಮಗಳು ಕೂಗುತ್ತಿದ್ದಂತೆ ಆರು ಜನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಒಬ್ಬೊಬ್ಬರಾಗಿ ತಂತಿ ದಾಟತೊಡಗಿದರು. ತಂತಿ ಇದ್ದದ್ದು ಮೊಣಕಾಲಿಗಿಂತ ಕೆಳಗೆ, ಹಂದಿಮರಿಯ ಮೂತಿಯ ಎತ್ತರಕ್ಕೆ. ದಾಟುವುದೇನೂ ದೊಡ್ಡ ಕೆಲಸವಲ್ಲ. ಆದರೆ ಹೆಗಲ ಮೇಲೆ ಹೆಣವಿದ್ದಾಗ ಕಾಲ ಬುಡದಲ್ಲಿ ಏನಿದೆಯೆಂದು ನೋಡುವವರು ಯಾರು? ಐದನೆಯವರಾಗಿ ಬಂದ ದನದ ಡಾಕ್ಟರು ಹೊಸ ಪ್ಯಾಂಟು ಕೆಸರಾಗದಿರಲೆಂದು ಮಡಚಿಕೊಂಡಿದ್ದರು. ಒದ್ದೆ ಹುಲ್ಲಿನಲ್ಲಿ ಅವರ ಬರಿಗಾಲು ತಂತಿಗೆ ತಾಗಿತು. “ಅಯ್ಯಮ್ಮಾ!” ಎಂದು ಅವರು ನೆಗೆದರು, ಪೆಟ್ಟಿಗೆ ಒಮ್ಮೆ ಓಲಾಡಿ, ಮನಸ್ಸು ಬದಲಿಸಿದಂತೆ ನೆಟ್ಟಗಾಯಿತು.

“ಹೋಗ್ತಾ ಹೋಗ್ತಾ ಡಾಕ್ಟ್ರಿಗೂ ಒಂದು ಪಾಠ ಹೇಳಿಬಿಟ್ಟು ಹೋದ್ಲು ನಮ್ಮಕ್ಕ,” ಎಂದಳು ಚಿಕ್ಕಮ್ಮ. ಕಣ್ಣಿಗೆ ಒತ್ತಿಕೊಂಡಿದ್ದ ಕರವಸ್ತ್ರ ಅಷ್ಟರಲ್ಲಿ ಬಾಯಿಗೆ ಇಳಿದಿತ್ತು.

“ಇವತ್ತೊಂದು ದಿನ ಆಫ್ ಮಾಡೋಕೆ ಏನಾಗಿತ್ತು?” ಎಂದು ಮುಂದಿನ ಹೆಗಲಿನಿಂದ ಅಣ್ಣ ಗೊಣಗಿದ.

“ಬೇಲಿ ಒಂದು ದಿನ ಸುಳ್ಳು ಹೇಳಿದ್ರೆ ಹಂದಿ ವರ್ಷಪೂರ್ತಿ ನಂಬಲ್ಲ,” ಎಂದಳು ಮಗಳು. ಮಾತು ಅಮ್ಮನದು. ಪೆಟ್ಟಿಗೆಯೊಳಗಿದ್ದವಳು ಅದನ್ನು ಒಪ್ಪಿಕೊಂಡೇ ಮಲಗಿದ್ದಿರಬೇಕು.

ಊರು ಅವಳನ್ನು ಕರೆಯುತ್ತಿದ್ದದ್ದು ಹಂದಿಯಮ್ಮ ಎಂದು. ಯಾರೋ ಹಂಗಿಸಲು ಇಟ್ಟ ಹೆಸರು. ಅವಳು ಅದನ್ನೇ ಗೇಟಿನ ಅಂಚೆಡಬ್ಬಿಯ ಮೇಲೆ ಬರೆಸಿದ ಮೇಲೆ ಹಂಗಿಸುವವರಿಗೆ ಕೆಲಸವಿಲ್ಲದಾಯಿತು. ಹುಲ್ಲುಗಾವಲಿನ ಆಚೆ ತುದಿಯ ಮರದಡಿ ಅವಳನ್ನು ಮಣ್ಣು ಮಾಡಿದರು. ಡಾಕ್ಟರು ನಾಲ್ಕು ಮಾತಾಡಲು ನಿಂತರು. ಕಾಲು ಇನ್ನೂ ಜುಮುಗುಟ್ಟುತ್ತಿದ್ದುದರಿಂದ ಎರಡೇ ಸಾಕೆನಿಸಿತು.

ಮನೆಗೆ ಮರಳುವ ದಾರಿಯಲ್ಲಿ ಅಣ್ಣ ತಂಗಿಯ ಪಕ್ಕಕ್ಕೆ ಬಂದ. ಅವನಿಗೆ ಪೇಟೆಯಲ್ಲಿ ಔಷಧಿ ಅಂಗಡಿ.

“ನಾಲ್ಕು ಗಂಟೆಗೆ ಲಾರಿ ಬರತ್ತೆ. ಮರಿಗಳನ್ನ ಒಯ್ತಾರೆ. ಮರಿ ಹೋದ್ಮೇಲೆ ತಾಯಿಹಂದಿಗಳದ್ದೂ ಒಂದು ಏರ್ಪಾಡು ಮಾಡೋಣ.”

“ಮಣ್ಣು ಇನ್ನೂ ಹಸಿ ಇದೆಯಲ್ಲೋ.”

“ಬೈಕೋ, ಪರವಾಗಿಲ್ಲ. ಆರು ವರ್ಷ ಅಮ್ಮನ ಹಿಂದೆ ತಿರುಗಿದೀಯ. ಒಂದ್ಸಲನಾದ್ರೂ ಮರಿಗಳನ್ನ ಅಂಗಳದಿಂದ ಹುಲ್ಲಿಗೆ ನೀನೇ ಬಿಟ್ಟಿದೀಯಾ?”

ಮಗಳು ಒಮ್ಮೆಯೂ ಬಿಟ್ಟಿರಲಿಲ್ಲ. ಹಂದಿಗೆ ಸೂಜಿ ಹಾಕಲು, ಹೆರಿಗೆ ಮಾಡಿಸಲು, ತಂತಿ ಎಳೆಯಲು ಎಲ್ಲ ಕಲಿತಿದ್ದಳು. ಆದರೆ ಮರಿಗಳು ಹುಲ್ಲುಗಾವಲಿಗೆ ಹೋಗುವ ದಿನ ಮಾತ್ರ ಅಮ್ಮ ಅವಳನ್ನು ಬಲ್ಬು ತರಲು ಪೇಟೆಗೆ ಅಟ್ಟುತ್ತಿದ್ದಳು. ಬರುವಷ್ಟರಲ್ಲಿ ಮರಿಗಳು ಹುಲ್ಲಿನಲ್ಲಿರುತ್ತಿದ್ದವು. ಮನೆಯ ಒಂದು ಡ್ರಾಯರಿನಲ್ಲಿ ಬಿಚ್ಚದ ಬಲ್ಬುಗಳು ಹನ್ನೊಂದಿದ್ದವು.

“ಇವತ್ತು ಬಿಡ್ತೀನಿ,” ಎಂದಳು. “ಅಮ್ಮ ಬಾಗಿಲ ಮೇಲೆ ಬರೆದಿಟ್ಟಿದ್ದ ತಾರೀಕೇ ಇವತ್ತಿಂದು.”

“ಸರಿ. ಲಾರಿ ಬರೋ ಹೊತ್ತಿಗೆ ಇಪ್ಪತ್ಮೂರೂ ಹುಲ್ಲಲ್ಲಿದ್ರೆ ಲಾರಿ ವಾಪಸ್, ಕೊಟ್ಟಿಗೆ ನಿಂದು, ನಾನು ತುಟಿ ಪಿಟಕ್ ಅನ್ನಲ್ಲ. ಇಲ್ಲಾಂದ್ರೆ ನೀನು ಅನ್ನಬಾರದು.”

“ಆಯ್ತು,” ಎಂದಳು, ಎಂಟೆದೆಯಿದ್ದವಳ ಹಾಗೆ.

*

ಅಣ್ಣನಿಗೆ ಹಂದಿಯೆಂದರೆ ಆಗದಿರಲು ಕಾರಣವಿತ್ತು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ಮೊದಲ ಸಲ ಕರೆಂಟ್ ಬೇಲಿ ಹಾಕಿಸಿದಳು. ಬಯಲಿನ ಸುತ್ತ ಎರಡು ಎಳೆ ತಂತಿ ಎಳೆದು, ಹದಿನಾಲ್ಕು ಮರಿಗಳನ್ನು ಒಳಗೆ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೊದಲ ಮರಿ ಮೂತಿ ತಾಗಿಸಿತು, ಕಿರುಚಿತು, ನೇರ ಮುಂದಕ್ಕೆ ನುಗ್ಗಿ ತಂತಿ ಕಿತ್ತುಕೊಂಡು ಓಡಿತು. ಉಳಿದ ಹದಿಮೂರು ಅದರ ಹಿಂದೆ. ಶಾಲೆ ಬಿಡುವ ಹೊತ್ತು. ಯೂನಿಫಾರ್ಮಿನಲ್ಲಿದ್ದ ಹುಡುಗ ಎಲ್ಲ ಗೆಳೆಯರ ಕಣ್ಣೆದುರಿಗೇ ಬೇಕರಿಯ ಮುಂದಿನಿಂದ ಅಂಚೆ ಕಚೇರಿಯವರೆಗೆ ಹಂದಿ ಅಟ್ಟಿದ. ಮಾರನೆಯ ದಿನದಿಂದ ಅವನಿಗೂ ಒಂದು ಹೆಸರು ಬಿತ್ತು. ಅದನ್ನು ಅಂಚೆಡಬ್ಬಿಯ ಮೇಲೆ ಬರೆಸುವ ಎದೆಗಾರಿಕೆ ಅವನಿಗಿರಲಿಲ್ಲ.

ಅಮ್ಮ ಅಂದು ಕಲಿತಳು. “ನೋವಾದ್ರೆ ಹಂದಿ ಹಿಂದಕ್ಕೆ ಹೋಗಲ್ಲ, ಮುಂದಕ್ಕೆ ನುಗ್ಗತ್ತೆ. ನಿಮ್ಮಪ್ಪನ ಕಡೆಯವರ ಥರ.” ಅಲ್ಲಿಂದ ಮುಂದೆ ಮೊದಲು ಮನೆಯ ಪಕ್ಕದ ಸಣ್ಣ ಅಂಗಳದಲ್ಲಿ ಪಾಠ. ತಂತಿಯ ಹಿಂದೆ ಗಟ್ಟಿ ಹಲಗೆ. ಮುಂದೆ ನುಗ್ಗಲು ಜಾಗವಿಲ್ಲದ ಮರಿ ಹಿಂದೆ ಸರಿಯಲು ಕಲಿಯುತ್ತಿತ್ತು. ಎರಡು ವಾರದ ಆ ಶಾಲೆ ಮುಗಿದರೆ ಬಯಲಿನಲ್ಲಿ ಹಲಗೆ ಬೇಡ. ಎರಡೆಳೆ ತಂತಿ ಕೋಟೆಗೆ ಸಮ.

*

ಮಗಳು ಅಂಗಳದ ಒಂದು ಮಗ್ಗುಲಿನ ಹಲಗೆ ಕಿತ್ತಳು. ಆ ಮಗ್ಗುಲಿನ ತಂತಿ ಬಿಚ್ಚಿ ಸುತ್ತಿಟ್ಟಳು. ಎದುರಿಗೆ ಮೊಣಕಾಲುದ್ದದ ಹಸಿರು ಹುಲ್ಲು. ಇಪ್ಪತ್ಮೂರು ಮರಿಗಳು ಓಡಿ ಬಂದು, ತಂತಿ ಇದ್ದ ಜಾಗಕ್ಕೆ ಗೇಣು ದೂರದಲ್ಲಿ ಗಕ್ಕನೆ ನಿಂತವು. ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರೂ ಅಷ್ಟು ಸಾಲಾಗಿ ನಿಲ್ಲುತ್ತಿರಲಿಲ್ಲ. ಹುಲ್ಲನ್ನು ಮೂಸುತ್ತಿದ್ದವು, ಜೊಲ್ಲು ಸುರಿಸುತ್ತಿದ್ದವು, ದಾಟುತ್ತಿರಲಿಲ್ಲ.

“ತಂತಿ ಇಲ್ಲ ಕಣ್ರೋ!” ಎಂದಳು.

ಮರಿಗಳಿಗೆ ಅವಳ ಮಾತಿಗಿಂತ ಅವಳಮ್ಮನ ಪಾಠದ ಮೇಲೆ ನಂಬಿಕೆ.

ಟೀ ಲೋಟ ಹಿಡಿದು ನಿಂತಿದ್ದ ಜನ ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಸಾವಿನ ಮನೆಯಲ್ಲಿ ಏನು ಮಾತಾಡುವುದೆಂದು ತಿಳಿಯದೆ ಬೆಳಗಿನಿಂದ ಒದ್ದಾಡುತ್ತಿದ್ದವರಿಗೆ ಈಗ ಒಂದು ವಿಷಯ ಸಿಕ್ಕಿತು. ಎಲ್ಲರಿಗೂ ಗೊತ್ತಿತ್ತು, ಹಂದಿಯಮ್ಮ ಅದನ್ನು ಹೇಗೆ ಮಾಡುತ್ತಿದ್ದಳೆಂದು.

“ಅಕ್ಕ ಹಾಡು ಹೇಳ್ತಿದ್ಲು,” ಎಂದಳು ಚಿಕ್ಕಮ್ಮ. “ಸಣ್ಣವಳಿದ್ದಾಗ ನನ್ನ ನಿದ್ದೆ ಮಾಡಿಸ್ತಿದ್ದ ಹಾಡೇ.”

ಹಾಡಿದಳು. ಮರಿಗಳು ಮರ್ಯಾದೆಯಿಂದ ಕೇಳಿದವು. ಎರಡು ನಿಜವಾಗಿಯೂ ಮಲಗಿಬಿಟ್ಟವು.

“ಹಾಡಂತೆ ಹಾಡು! ಬ್ರೆಡ್ಡು ರೀ, ಬ್ರೆಡ್ಡು,” ಎಂದ ಬೇಕರಿಯವನು. “ಮೂವತ್ತು ವರ್ಷದಿಂದ ಒಣಗಿದ ಬ್ರೆಡ್ಡು ಕೊಟ್ಟೋನು ನಾನಲ್ವಾ? ಯಾಕೆ ಕೊಟ್ಟೆ?”

“ಯಾರೂ ಕೊಳ್ಳಲಿಲ್ಲ ಅಂತ,” ಎಂದಳು ಚಿಕ್ಕಮ್ಮ.

ಜನ ನಕ್ಕರು. ಅವನು ಗೆರೆಯ ಆಚೆ ಬ್ರೆಡ್ಡು ಎರಚಿದ. ಮರಿಗಳು ಕುತ್ತಿಗೆ ನೀಡಿ ಎಟುಕಿದಷ್ಟು ತಿಂದವು. ಎಟುಕದ್ದನ್ನು ಬೇಕರಿಯವನಿಗೇ ಬಿಟ್ಟವು.

ಡಾಕ್ಟರು ವಿಜ್ಞಾನದ ಕಡೆಯವರು. ಹಲಗೆಯೊಂದನ್ನು ಅಡ್ಡ ಹಿಡಿದು ಹಿಂದಿನಿಂದ ತಳ್ಳಿದರು. ಮರಿಗಳು ಗೆರೆಯವರೆಗೆ ಹೋಗಿ, ಅಲ್ಲಿಂದ ತಿರುಗಿ, ಹಲಗೆಯ ಎಡಕ್ಕೆ, ಬಲಕ್ಕೆ, ಕೊನೆಗೆ ಡಾಕ್ಟರ ಎರಡು ಕಾಲಿನ ನಡುವೆ ನುಸುಳಿ ವಾಪಸಾದವು. ಬೆಳಗಿನಿಂದ ಕಾಪಾಡಿಕೊಂಡು ಬಂದಿದ್ದ ಪ್ಯಾಂಟು ಕೆಸರಿನಲ್ಲಿ ಕೂತಿತು. ಒಳಗೆ ಪ್ಯಾಂಟಿನ ಒಡೆಯರೂ ಇದ್ದರು.

“ಮೂರೂಕಾಲು,” ಎಂದ ಅಣ್ಣ. ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ. “ಬಿಡು ಪುಟ್ಟೀ. ಆ ವಿದ್ಯೆ ಅಮ್ಮನ ಜೊತೆನೇ ಹೋಯ್ತು.”

ಮಗಳು ಕೆಸರು ಕೈಯಿಂದಲೇ ಮುಖ ಒರೆಸಿಕೊಂಡಳು. ಬೆಳಗಿನಿಂದ ಅಳದವಳು ಈಗ ಅಳುವ ಹಾಗಿದ್ದಳು.

ಆಗ ಅಪ್ಪ ಮೆಟ್ಟಿಲಿನಿಂದ ಎದ್ದ. ಬಸ್ ಕಂಡಕ್ಟರಾಗಿ ನಿವೃತ್ತನಾದ ಮನುಷ್ಯ.

“ಮೂವತ್ತಾರು ವರ್ಷ ಜನರನ್ನ ‘ಮುಂದೆ ಹೋಗಿ, ಮುಂದೆ ಹೋಗಿ’ ಅಂತ ತಳ್ಳಿದೋನು ನಾನು,” ಎಂದ. “ತಳ್ಳಿದ್ರೆ ಯಾರೂ ಹೋಗಲ್ಲ. ಡಾಕ್ಟ್ರೇ, ಮೇಲೇಳಿ. ಅವಳು ಏನು ಮಾಡ್ತಿದ್ಲು ಅಂತ ನಂಗೊತ್ತು.”

“ನಿನಗೊತ್ತಾ? ಮತ್ತೆ ಇಷ್ಟೊತ್ತು?” ಎಂದಳು ಮಗಳು.

“ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ಕಣಮ್ಮ. ಮಾತು ಮುರಿಯೋಕೆ ಸ್ವಲ್ಪ ಹೊತ್ತು ಬೇಡ್ವಾ?”

*

ಮರಿ ಬಿಡುವ ದಿನ ಅಪ್ಪನಿಗೆ ಇದ್ದದ್ದು ಒಂದೇ ಕೆಲಸ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ತಲೆ ಎಣಿಸುವುದು. ಅದು ಅವನ ಕಸುಬೂ ಹೌದು.

ಮಗಳು ಬಲ್ಬಿಗೆ ಹೋದ ಮೇಲೆ ಅಮ್ಮ ಗೂಡಿನೊಳಗಿಂದ ಮರಿಗಳು ಮಲಗುವ ಗಲೀಜು ಹುಲ್ಲನ್ನು ಬುಟ್ಟಿಯಲ್ಲಿ ತಂದು, ತಂತಿ ಇದ್ದ ಗೆರೆಯ ಮೇಲೆ ಈಚೆಯಿಂದ ಆಚೆಗೆ ದಪ್ಪಗೆ ಹಾಸುತ್ತಿದ್ದಳು. ಗೆರೆ ಮಾಯವಾಗುತ್ತಿತ್ತು, ಮನೆಯ ವಾಸನೆ ಹುಲ್ಲುಗಾವಲಿನವರೆಗೂ ಚಾಚುತ್ತಿತ್ತು. ಆಮೇಲೆ ಹುಲ್ಲುಗಾವಲಿನ ಒಳಗೆ ಹೋಗಿ, ಮರಿಗಳಿಗೆ ಬೆನ್ನು ಹಾಕಿ ಕೂತು, ನಿನ್ನೆಯ ಪೇಪರು ಬಿಡಿಸುತ್ತಿದ್ದಳು. ಅಷ್ಟೇ. ಕರೆಯುತ್ತಿರಲಿಲ್ಲ, ತಿರುಗಿ ನೋಡುತ್ತಿರಲಿಲ್ಲ.

“ತನ್ನನ್ನ ಯಾರೂ ಲೆಕ್ಕಕ್ಕೆ ಇಡ್ತಿಲ್ಲ ಅಂದ್ರೆ ಹಂದಿಗೆ ತಡೆಯಕ್ಕಾಗಲ್ಲ,” ಎಂದಿದ್ದಳು ಒಮ್ಮೆ. “ಮನುಷ್ಯರಿಗಿಂತ ಸ್ವಲ್ಪ ಕಡಿಮೆ, ಅಷ್ಟೇ ವ್ಯತ್ಯಾಸ.”

“ಇದನ್ನ ಮಗಳಿಗೆ ಹೇಳಿಕೊಡೋಕೇನು?” ಎಂದಿದ್ದ ಅಪ್ಪ.

“ಇಷ್ಟೇನಾ ಅಂತಾಳೆ. ಇಷ್ಟೇನಾ ಅಂದ ಕೂಡ್ಲೇ ಕೆಲಸಕ್ಕೆ ಮರ್ಯಾದೆ ಹೋಯ್ತು. ಊರೆಲ್ಲ ನಾನೇನೋ ಮಾಟ ಮಾಡ್ತೀನಿ ಅಂದ್ಕೊಂಡಿದೆ. ಅಂದ್ಕೊಳ್ಳಲಿ ಬಿಡಿ.”

*

“ಇಷ್ಟೇನಾ?” ಎಂದರು ಡಾಕ್ಟರು.

“ನೋಡಿ, ಅಂದೇಬಿಟ್ರಿ,” ಎಂದ ಅಪ್ಪ.

ಮಗಳು ಅಷ್ಟರಲ್ಲಿ ಗೂಡಿನೊಳಗಿದ್ದಳು. ಬುಟ್ಟಿ ಬುಟ್ಟಿ ಹುಲ್ಲು ಬಂತು. ಬೇಕರಿಯವನು ಹರಡಿದ, ಚಿಕ್ಕಮ್ಮ ಮೂಗು ಮುಚ್ಚಿಕೊಂಡು ಕಾಲಿನಲ್ಲೇ ಸರಿಮಾಡಿದಳು. ಆಮೇಲೆ ತೊಡಕು ಬಂದದ್ದು ಜನರದ್ದು. ಮೂವತ್ತು ಜನ ನಿಂತು ದಿಟ್ಟಿಸುತ್ತಿದ್ದರೆ ಯಾವ ಮರಿ ಬಂದೀತು? ಹೋಗಿ ಎಂದರೆ ಯಾರೂ ಹೋಗಲು ತಯಾರಿಲ್ಲ.

“ಹಾಗಿದ್ರೆ ಎಲ್ಲರೂ ಹುಲ್ಲಿನೊಳಗೆ ಬಂದು ಕೂತ್ಕೊಳ್ಳಿ,” ಎಂದಳು ಮಗಳು. “ಬೆನ್ನು ಈ ಕಡೆಗೆ. ತಿರುಗಿ ನೋಡಿದವರಿಗೆ ಟೀ ಇಲ್ಲ.”

ಸಾವಿಗೆಂದು ಉಟ್ಟುಬಂದ ಒಳ್ಳೆಯ ಬಟ್ಟೆಗಳಲ್ಲಿ ಮೂವತ್ತು ಜನ ಹುಲ್ಲಿನ ಮೇಲೆ ಸಾಲಾಗಿ ಕೂತರು. ಅಣ್ಣ ಗಡಿಯಾರ ನೋಡಿಕೊಂಡು ನಿಂತೇ ಇದ್ದ. ಅಪ್ಪ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದ. ಅವನೂ ಕೂತ.

ಬಹಳ ಹೊತ್ತು ಏನೂ ಆಗಲಿಲ್ಲ. ಬೇಲಿಯ ಬ್ಯಾಟರಿ ಡಬ್ಬಿ ಟಿಕ್ ಟಿಕ್ ಎನ್ನುತ್ತಿತ್ತು. ಆಮೇಲೆ ಹಿಂದೆ ಒಣಹುಲ್ಲು ಸರಬರ ಎಂದಿತು. ಒಂದು ಉಸಿರು. ಇನ್ನೊಂದು. ಚಿಕ್ಕಮ್ಮ “ಹಾಂ!” ಎಂದು ಬಾಯಿ ಮುಚ್ಚಿಕೊಂಡಳು, ಅವಳ ಮೊಣಕೈಗೆ ಏನೋ ತಣ್ಣಗಿನ, ಒದ್ದೆಯಾದದ್ದು ತಾಗಿತ್ತು. ಮೊದಲ ಮರಿ ಅವಳನ್ನು ಬಳಸಿಕೊಂಡು ಹುಲ್ಲಿಗೆ ನುಗ್ಗಿತು.

“ಒಂದು,” ಎಂದ ಅಪ್ಪ ಉಸಿರಿನಲ್ಲಿ.

ಒಂದಾದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಗುಂಪು. ಜನರ ಸಂದಿಗೊಂದಿಯಲ್ಲಿ ನುಸುಳಿ, ಜೇಬು ಮೂಸಿ, ಬೇಕರಿಯವನನ್ನು ಎರಡೆರಡು ಸಲ ಮೂಸಿ ಮುಂದೆ ಹೋದವು. ಮಗಳು ತುಟಿ ಕಚ್ಚಿಕೊಂಡು ನೇರ ಮುಂದೆ ನೋಡುತ್ತಿದ್ದಳು. ಗೇಟಿನ ಹತ್ತಿರ ಲಾರಿ ನಿಂತ ಸದ್ದಾಯಿತು.

“ಇಪ್ಪತ್ತೆರಡು,” ಎಂದ ಅಪ್ಪ. ಇಪ್ಪತ್ಮೂರನೆಯದು ಬರಲಿಲ್ಲ.

ಲಾರಿಯ ಡ್ರೈವರು ಅಂಗಳ ದಾಟಿ ಬಂದ. ಮೂವತ್ತು ಜನ ಬಯಲಿನತ್ತ ಮುಖ ಮಾಡಿ ಮಾತಿಲ್ಲದೆ ಕೂತಿದ್ದಾರೆ. ಅವರ ಹಿಂದೆ, ಗಲೀಜು ಹುಲ್ಲಿನ ಅಂಚಿನಲ್ಲಿ, ಒಂದು ಮರಿ ಒಂದು ಕಾಲೆತ್ತಿ ನಿಂತಿದೆ.

“ಸಾರ್, ಮರಿ ಹತ್ತಿಸ್ಬೇಕು ಅಂದಿದ್ರಲ್ಲ... ಈ ಒಂದೇನಾ?”

ತಂಗಿ ಅಣ್ಣನ ಕಡೆ ನೋಡಲಿಲ್ಲ. ಅಣ್ಣ ತಿರುಗಲಿಲ್ಲ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ, ಪಕ್ಕದ ಹುಲ್ಲನ್ನು ತಟ್ಟಿದ.

“ಕೂತ್ಕೊಳ್ಳಯ್ಯ,” ಎಂದ ಪಿಸುಮಾತಿನಲ್ಲಿ. “ಅದಕ್ಕೆ ಬೆನ್ನು ಹಾಕಿ ಕೂತ್ಕೊ. ಅದು ಹೆದರತ್ತೆ.”

ಡ್ರೈವರಿಗೆ ಏನೂ ತಿಳಿಯಲಿಲ್ಲ. ಸಾವಿನ ಮನೆಯೆಂದಷ್ಟೇ ಗೊತ್ತಿತ್ತು. ದುಃಖ ಜನರನ್ನು ಏನೇನೋ ಮಾಡಿಸುತ್ತದೆ. ತನ್ನ ನೀಲಿ ಟೋಪಿ ತೆಗೆದು ಮಗ್ಗುಲಲ್ಲಿಟ್ಟು, ಎಲ್ಲರಂತೆ ಬಯಲಿಗೆ ಮುಖ ಮಾಡಿ ಕೂತ. ತುಸು ಹೊತ್ತಿಗೆ ಒಣಹುಲ್ಲು ಸರಸರ ಎಂದಿತು. ಆಮೇಲೆ ಮೂವತ್ತು ಜನರ ಕಣ್ಣ ಮುಂದೆ, ಎತ್ತರದ ಹುಲ್ಲನ್ನು ಸೀಳಿಕೊಂಡು, ಒಂದು ನೀಲಿ ಟೋಪಿ ಓಡತೊಡಗಿತು.