ಎತ್ತಬೇಡ ಅಂದ ಕೈ

ವಕೀಲರ ಕರಿಕೋಟಿನ ಎರಡನೇ ಗುಂಡಿ ಇನ್ನೇನು ಬಿದ್ದೇಹೋಗುತ್ತೆ, ಒಂದೇ ಎಳೆ ದಾರದಲ್ಲಿ ಜೀವ ಹಿಡಿದುಕೊಂಡಿದೆ, ಸೂಜಿ ಇದ್ದಿದ್ದರೆ ಇವಳು ಕೂತಲ್ಲೇ ಹಾಕಿಕೊಡುತ್ತಿದ್ದಳು, ಹೊಲಿಗೆಯಂಗಡಿಯಲ್ಲಿ ದಿನವಿಡೀ ಮಾಡುವುದು ಅದೇ ತಾನೆ, ಕಾಜ, ಗುಂಡಿ, ಕಾಜ, ಗುಂಡಿ — ಆದರೆ ಕೋರ್ಟಿನ ಬೆಂಚಿನ ಮೇಲೆ ಪಕ್ಕದಲ್ಲಿ ಮಗಳು ಕಾಲು ಆಡಿಸುತ್ತ ಕೂತಿದ್ದಾಳೆ, ವಕೀಲರು ಬಗ್ಗಿ ಪಿಸುಗುಟ್ಟುತ್ತಿದ್ದಾರೆ, ಗೊತ್ತಾಯ್ತೇನಮ್ಮ, ಸುಳ್ಳು ಹೇಳಿಸಿ ಅಂತಿಲ್ಲ ನಾನು, ಮಗು ಸುಮ್ನೆ ಪ್ರಯತ್ನ ಪಡೋದು ಬೇಡ, ಅಷ್ಟೇ, ಆಸ್ಪತ್ರೆ ಕಡೆ ವಕೀಲರು ಎಡಗೈ ಎತ್ತು ಅಂತಾರೆ, ಮಗು ಎತ್ತಿಬಿಟ್ರೆ ಇಷ್ಟು ದಿನ ಪಟ್ಟಿದ್ದೆಲ್ಲ ಮಣ್ಣುಪಾಲು. ಎತ್ತುವುದು ಎಂದರೆ ಎಷ್ಟು, ಹೆಗಲಿನ ಮಟ್ಟಕ್ಕೆ, ಅದೂ ನಡುಗುತ್ತ, ತಲೆ ಬಾಚಿಕೊಳ್ಳಲಾರದ ಕೈ, ಅಂಗಿಯ ತೋಳಿಗೆ ಇನ್ನೊಂದು ಕೈಯಿಂದ ಎತ್ತಿ ತೂರಿಸಬೇಕಾದ ಕೈ, ಆದರೆ ಆ ಹೆಗಲಿನ ಮಟ್ಟಕ್ಕೇ ಎಷ್ಟು ವರ್ಷ, ವ್ಯಾಯಾಮ ಹೇಳಿಕೊಡುವ ಅಕ್ಕ ಹಕ್ಕಿ ಹಾರಿಸು ಪುಟ್ಟಿ ಹಾರಿಸು ಅನ್ನುವುದು, ಮಗು ಅಳುವುದು, ಇವಳು ಅಡುಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಇಲ್ಲಿಗೆ ಮುಟ್ಟಿಸು ನೋಡೋಣ ಅನ್ನುವುದು, ಮುಟ್ಟಿಸಿದ ದಿನ ಇಬ್ಬರೇ ಕುಣಿದದ್ದು, ಇಬ್ಬರೇ, ಗಂಡ ಕೆಲಸದಿಂದ ಬಂದವನು ಹೌದಾ ಅಂದು ಕೈಕಾಲು ತೊಳೆಯಲು ಹೋದ. ಕೆಟ್ಟವನಲ್ಲ ಅವನು, ಆ ಕೈಯನ್ನು ನೋಡಲು ಅವನ ಕೈಲಾಗುವುದಿಲ್ಲ, ಈಗಲೂ ಫೋನು ಬಂತು ಅಂತ ಹೊರಗೆ ಹೋದವನು ಪತ್ತೆಯಿಲ್ಲ, ಆವತ್ತೂ ಹೊರಗೇ ಇದ್ದ, ಹೆರಿಗೆ ಕೋಣೆಯಲ್ಲಿ ಅವಳ ಕಡೆಯವರು ಅಂತ ಒಂದು ನರಪಿಳ್ಳೆಯೂ ಇರಲಿಲ್ಲ.

ಮುಕ್ಕಮ್ಮ, ಜೋರಾಗಿ ಮುಕ್ಕು, ತಲೆ ಬಂತು, ಭುಜ ಸಿಕ್ಕಿಕೊಂಡಿದೆ — ಡಾಕ್ಟ್ರೇ ಸ್ವಲ್ಪ ತಡೀರಿ ಅಂದಳು ನರ್ಸು, ಅಂದಳೋ ಇಲ್ಲವೋ, ಅಂದಳು, ಇವಳು ಕಿವಿಯಾರೆ ಕೇಳಿದ್ದಾಳೆ, ಈಗ ಆ ನರ್ಸು ನಾನು ಹಾಗೆ ಅಂದೇ ಇಲ್ಲ ಅಂತಾಳೆ, ಡಾಕ್ಟರು ತಡೆಯಲಿಲ್ಲ, ಎಳೆದರು, ಮಗುವಿನ ಎಡ ಹೆಗಲಿನಿಂದ ಹೊಲಿಗೆ ಬಿಟ್ಟುಕೊಂಡಾಗ ಬಟ್ಟೆ ಮಾಡುವಂಥ ಸಣ್ಣ ಸದ್ದು, ಅದನ್ನೂ ಕೇಳಿದವಳು ಇವಳೊಬ್ಬಳೇ. ಆ ನೋವಲ್ಲಿ ನಿಂಗೆ ಏನೇನೋ ಕೇಳಿಸಿರುತ್ತೆ ಕಣೇ ಅಂದರು ಅತ್ತೆ, ಮಗು ದೊಡ್ಡದಿತ್ತು, ಹೀಗಾಗೋದುಂಟು, ತಾಯಿಯೇ ಸರಿಯಾಗಿ ಮುಕ್ಕಲಿಲ್ಲ ಅಂದರು ಆಸ್ಪತ್ರೆಯ ವಕೀಲರು, ಹಾಗೆ ನೂರು ಸಲ ಕೇಳಿದ ಮೇಲೆ ತನ್ನ ಕಿವಿಯ ಮೇಲೆ ತನಗೇ ಅನುಮಾನ, ಮಗಳ ಅಂಗಿ ಬಿಚ್ಚಿ ಆ ತೆಳ್ಳನೆಯ ಹೆಗಲು ನೋಡಿದಾಗ ಮಾತ್ರ ಅನುಮಾನವಿಲ್ಲ. ಡಾಕ್ಟರು ಆವತ್ತು ಕೆನ್ನೆ ತಟ್ಟಿ ಹೆಣ್ಣುಮಗು ಕಣಮ್ಮ, ಮುದ್ದಾಗಿದೆ ಅಂದಿದ್ದರು, ಇವತ್ತು ಬೆಳಗ್ಗೆ ಮೆಟ್ಟಿಲ ಮೇಲೆ ಎದುರಾದಾಗಲೂ ಅಭ್ಯಾಸಬಲ, ಮಗು ಸರಿಯಾಗಿ ಊಟ ಮಾಡ್ತಾಳೇನಮ್ಮ ಅಂದವರು ಯಾರೊಂದಿಗೆ ಮಾತಾಡುತ್ತಿದ್ದೇನೆ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡರು, ಸಿಟ್ಟು ಬರಬೇಕಿತ್ತು, ಅಳು ಬಂತು, ಮಗು ಹೇಗಿದೆ ಅಂತ ಕೇಳುವವರಿಲ್ಲದೆ ಅವಳು ಎಷ್ಟು ಬಡವಾಗಿದ್ದಳೆಂದರೆ ಅವರು ಕೇಳಿದ್ದೂ ಹಿತವಾಗಿತ್ತು.

ಪುಟ್ಟಿ, ಇಲ್ಲಿ ಕೇಳು, ಒಳಗೆ ಅವರು ಕೈ ಎತ್ತು ಅಂದ್ರೆ ಈ ಕೈ ಎತ್ತಬೇಡ. ಯಾಕಮ್ಮ, ನಂಗೆ ಬರುತ್ತಲ್ಲ. ಬರುತ್ತೆ ಕಂದ, ಇವತ್ತೊಂದಿನ ಬೇಡ. ಬೈಯಲ್ವಾ. ಬೈಯಲ್ಲ. ಗೆದ್ದರೆ ದುಡ್ಡು, ದುಡ್ಡು ಬಂದರೆ ಆಪರೇಷನ್ನು, ಆಪರೇಷನ್ನಾದರೆ ಜಡೆ ತಾನೇ ಹಾಕಿಕೊಂಡಾಳು, ನಿಜವಾಗಿ ನಡೆದದ್ದನ್ನೇ ನಂಬಿಸಲು ಇಷ್ಟು ಚಿಕ್ಕ ಮೋಸ, ಇದೊಂದೇ ಸಲ — ಹೆಸರು ಕೂಗಿದರು, ಇಬ್ಬರೂ ಎದ್ದರು, ಒಳಗೆ ಎಲ್ಲವೂ ಎತ್ತರ, ಜಡ್ಜರ ಮೇಜು, ಕುರ್ಚಿ, ಗೋಡೆ, ಅದರ ಮುಂದೆ ಮಗಳು ಅಂಗೈಯಗಲ, ಆಸ್ಪತ್ರೆಯ ವಕೀಲರು ಬಗ್ಗಿ ಎಷ್ಟು ಚೆನ್ನಾಗಿ ನಗುತ್ತಾರೆ, ಏನಮ್ಮ ಪುಟ್ಟಿ, ಎರಡೂ ಕೈ ಮೇಲೆತ್ತಿ ತೋರಿಸ್ತೀಯಾ, ಬಲಗೈ ಸರ್ರನೆ ಹೋಯಿತು, ಎಡಗೈ ಇಳಿಬಿದ್ದೇ ಇದೆ, ಜಡ್ಜು ಕನ್ನಡಕ ತೆಗೆದು ನೋಡಿ ಏನೋ ಬರೆದುಕೊಂಡರು, ನಮ್ಮ ವಕೀಲರು ಇತ್ತ ತಿರುಗಿ ಕಣ್ಣಲ್ಲೇ ಆಯ್ತು ಅಂದರು, ಎಲ್ಲರೂ ಜೀವವಿಲ್ಲದ ಕೈಯೊಂದನ್ನು ನೋಡುತ್ತಿದ್ದಾರೆ, ಯಾರಿಗೂ ಕಾಣಲಿಲ್ಲ, ಹೆಗಲು ಒಮ್ಮೆ ಅದುರಿತು, ಮೇಲೇಳುವ ಮುಂಚೆ ಅದುರುವ ಹಾಗೇ ಅದುರಿತು, ನಿಂತಿತು, ಯಾಕೆ ನಿಂತಿತು — ಕೆಳಗೆ ನೋಡಿದರೆ ಎಡಗೈಯ ಬೆರಳುಗಳು ಫ್ರಾಕಿನ ಅಂಚನ್ನು ಹಿಡಿದುಕೊಂಡಿವೆ, ಕೈ ಎಲ್ಲಿ ತಾನಾಗಿ ಎದ್ದುಬಿಡುತ್ತೋ ಅಂತ, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ, ಮಗಳು ಇವಳನ್ನೇ ನೋಡುತ್ತಿದ್ದಾಳೆ, ಸರಿಯಾಗಿ ಮಾಡಿದೆನಾ ಅಮ್ಮ ಅನ್ನುವ ಹಾಗೆ, ತಲೆಯಾಡಿಸಬೇಕು, ಹೂಂ ಅನ್ನಬೇಕು, ಮಗು ಕಾಯುತ್ತಿದೆ, ತಲೆಯಾಡಿಸು, ಫ್ರಾಕಿನ ಅಂಚು, ಬಿಳಿಚಿದ ಆ ಬೆರಳು, ಅಂಚು, ಆ ಬೆರಳು, ಬಿಗಿ ಹಿಡಿದ ಆ ಬೆರಳು