ಸಲೂನಿನ ನೆಲದಲ್ಲಿ ಮಾದಪ್ಪನ ಮುಡಿ

ಆ ಸುಳ್ಳು ಹುಟ್ಟಿದ್ದು ಪವಿತ್ರಳ ಬಾಯಿಂದಲೇ. ಅವಳ ಗಂಡ ಸೋಮೇಶನಿಗೆ ಅಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಸೋಮೇಶ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುವವನು. ಅವನು ಈರುಳ್ಳಿ ಇಳಿಸುತ್ತಿದ್ದ ಮಂಡಿಯ ಮೊಯ್ದು ಕಾಕನಿಗೆ ಕಡಲಂಚಿನ ಒಂದು ಸಣ್ಣ ದ್ವೀಪದಲ್ಲಿ ಮನೆಯಿತ್ತು. ಹೆಂಡತಿಯನ್ನು ಕರೆದುಕೊಂಡು ಬಂದು ಎರಡು ದಿನ ಇದ್ದು ಹೋಗು ಎಂದು ಕಾಕ ಎಷ್ಟೋ ಸಲ ಕರೆದಿದ್ದ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಪವಿತ್ರ ಸಮುದ್ರ ನೋಡಿದ್ದು ಫೋನಿನಲ್ಲಿ ಮಾತ್ರ. ಮದುವೆಯಾಗಿ ಮೂರು ವರ್ಷ ತುಂಬುವ ದಿನ ಹತ್ತಿರ ಬಂದಾಗ, ಹೋದರೆ ಈಗ ಹೋಗಬೇಕು ಎಂದು ಅವಳ ಮನಸ್ಸು ಹಟ ಹಿಡಿಯಿತು.

ಅಡ್ಡಿಯಿದ್ದದ್ದು ಸೋಮೇಶನ ತಲೆಕೂದಲು. ಹೋದ ವರ್ಷ ಬಂಡೀಪುರದ ಕಾಡಿನ ರಸ್ತೆಯಲ್ಲಿ ಅವನ ಲಾರಿ ಮಗುಚಿ, ಕಾಲು ಮುರಿದು, ಜೀವ ಉಳಿದಿತ್ತು. ಅವತ್ತೇ ಅವನ ತಾಯಿ ಶಾಂತಮಲ್ಲಮ್ಮ ಮಾದಪ್ಪನ ಬೆಟ್ಟಕ್ಕೆ ಮಗನ ಮುಡಿ ಕೊಡಿಸುವ ಹರಕೆ ಹೊತ್ತಿದ್ದರು. ಅಂದಿನಿಂದ ಆ ತಲೆಗೆ ಕತ್ತರಿ ಬಿದ್ದಿರಲಿಲ್ಲ. ಕೂದಲು ಬೆಳೆದು ಹೆಗಲಿಗೆ ಇಳಿದಿತ್ತು.

"ಮಾದಪ್ಪನ ಮುಡಿ ತಲೆ ಮ್ಯಾಲಿರೋ ತಂಕ ಲೋಡು ಬಿಟ್ರೆ ಸುತ್ತಾಟ ಗಿತ್ತಾಟ ಬ್ಯಾಡ" ಎನ್ನುವುದು ಶಾಂತಮಲ್ಲಮ್ಮನ ಕಟ್ಟುನಿಟ್ಟು.

ಒಂದು ಮಧ್ಯಾಹ್ನ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಪವಿತ್ರ ತಲೆಯೆತ್ತದೆ ಹೇಳಿದಳು: "ಅತ್ತೆ, ಈ ಸಲ ನಮ್ಮ ಮದುವೆ ದಿನಕ್ಕೆ ಬೆಟ್ಟಕ್ಕೇ ಹೋಗಿಬಿಡ್ತೀವಿ. ಮೂರು ದಿನ ಅಲ್ಲೇ ಇದ್ದು ಸೇವೆ ಮಾಡಿ, ಮುಡಿ ಕೊಟ್ಟು ಬರ್ತೀವಿ."

ಶಾಂತಮಲ್ಲಮ್ಮ ಕೈಯಲ್ಲಿದ್ದ ಕಾಯಿ ಮೊರಕ್ಕೆ ಹಾಕಿ ಸೊಸೆಯ ಮುಖ ನೋಡಿದರು. "ಈಗಿನ್ ಕಾಲ್ದ ಯಾವ ಹೆಣ್ಣಿಗೆ ಈ ಬುದ್ಧಿ ಬಂದದು ಕಣಮ್ಮಿ" ಎಂದವರು ಎದ್ದು ಹೋಗಿ, ಅರಿಶಿನದ ಬಟ್ಟೆಯಲ್ಲಿ ಒಂದು ಹಿಡಿ ಅಕ್ಕಿ, ಮೇಲೊಂದು ನಾಣ್ಯ ಇಟ್ಟು ಮುಡಿಪು ಕಟ್ಟಿ ತಂದರು. ಅದನ್ನು ಪವಿತ್ರಳ ಕೈಗಿಟ್ಟು, "ನೀವು ಪ್ರಸಾದ ತಂದು ಈ ಬಾಯಿಗೆ ಹಾಕೋ ತಂಕ ನಂದು ಒಪ್ಪೊತ್ತು" ಎಂದರು.

"ಅತ್ತೆ, ಸಕ್ಕರೆ ಕಾಯಿಲೆ ಇಟ್ಕೊಂಡು ದಿನಕ್ಕೆ ಒಂದೇ ಹೊತ್ತು ಉಂಡ್ರೆ ಆಗುತ್ತಾ?"

"ಮೂರು ದಿನಕ್ಕೆ ಸಾಯಕ್ಕಿಲ್ಲ ಬುಡು."

ಸುಳ್ಳನ್ನು ಅಲ್ಲೇ ವಾಪಸ್ಸು ತೆಗೆದುಕೊಳ್ಳಬಹುದಿತ್ತು. ಪವಿತ್ರ ತೆಗೆದುಕೊಳ್ಳಲಿಲ್ಲ. ಎರಡು ದಿನ ದ್ವೀಪ, ಆಮೇಲೆ ನಿಜವಾಗಿಯೂ ಬೆಟ್ಟ. ಇದು ಸುಳ್ಳು ಹೇಗಾಗುತ್ತದೆ, ದಾರಿ ಸ್ವಲ್ಪ ಸುತ್ತು ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡಳು.

ಗುರುವಾರ ಬೆಳಗ್ಗೆ ಅತ್ತೆಯೇ ನಿಂತು ಅವರನ್ನು ಚಾಮರಾಜನಗರದ ಬಸ್ಸು ಹತ್ತಿಸಿದರು. ಇಬ್ಬರೂ ಮುಂದಿನ ಸ್ಟಾಪಿನಲ್ಲೇ ಇಳಿದರು. ಸೋಮೇಶನ ಗೆಳೆಯ ದಿಲೀಪ ಟೊಮೆಟೊ ಲಾರಿ ತಂದು ಕಾದಿದ್ದ. ರಸ್ತೆ ಬದಿಯ ತಮ್ಮ ಮನೆಯ ಮುಂದೆಯೇ ಕೇರಳದ ಕಡೆಗೆ ವಾಪಸ್ಸು ಹಾಯುವಾಗ ಪವಿತ್ರ ಕ್ಯಾಬಿನ್ನಿನಲ್ಲಿ ತಲೆ ಬಗ್ಗಿಸಿ ಕೂತಳು.

"ನಿಮ್ಮತ್ತೆ ಲಾರಿ ಒಳಗೆ ಇಣುಕಿ ನೋಡಾಕೆ ಜಿರಾಫೆನಾ? ನೆಟ್ಟಗೆ ಕೂತ್ಕೊಳಮ್ಮ" ಎಂದು ದಿಲೀಪ ನಕ್ಕ.

ದ್ವೀಪ ಚಿಕ್ಕದು. ತೆಂಗಿನ ಮರಗಳ ನಡುವೆ ಇಪ್ಪತ್ತು ಮೂವತ್ತು ಮನೆ, ಒಂದು ಮಸೀದಿ, ಒಣಗಲು ಹರಡಿದ ಬಲೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಅರ್ಧ ಗಂಟೆ ಸಾಕು. ಮೊದಲ ಎರಡು ದಿನ ಪವಿತ್ರಳಿಗೆ ಏನೂ ನೆನಪಾಗಲಿಲ್ಲ. ಸೀರೆ ಎತ್ತಿ ಹಿಡಿದು ನೀರಿಗೆ ಇಳಿದಳು, ಅಲೆ ಬಂದರೆ ಓಡಿದಳು, ಸೋಮೇಶನ ಹಾರಾಡುವ ಕೂದಲನ್ನು ಬಾಚಿ ತನ್ನ ರಬ್ಬರ್ ಬ್ಯಾಂಡ್ ಹಾಕಿ ಜುಟ್ಟು ಕಟ್ಟಿದಳು.

"ಜಡೆ ಹಾಕ್ಬುಡು, ಹೂ ಮುಡಿಸ್ಬುಡು, ಇನ್ನೇನು ಬಾಕಿ ಅದೆ" ಎಂದ ಅವನು.

"ಸುಮ್ನೆ ಕೂತ್ಕೊಳ್ರೀ. ಇನ್ನೆರಡು ದಿನಕ್ಕೆ ಬೋಳು ತಾನೆ."

ಶುಕ್ರವಾರ ಸಂಜೆ ಮನೆಯಿಂದ ಫೋನು ಬಂತು. ಅವರು ನೀರಿನ ಅಂಚಿನಲ್ಲೇ ಇದ್ದರು. ಸೋಮೇಶ ಫೋನನ್ನು ಹೆಂಡತಿಯ ಕೈಗೆ ತುರುಕಿದ.

"ದರ್ಸನ ಆಯ್ತಾ ಕಣಮ್ಮಿ?"

"ರಷ್ಷು ಅತ್ತೆ. ನಾಳೆ ಆಗುತ್ತೆ."

"ಅದೇನದು, ಬುಸ್ ಅಂತ ಸದ್ದು?"

ಪವಿತ್ರ ಅಲೆಯ ಕಡೆ ನೋಡಿದಳು. "ಗಾಳಿ ಅತ್ತೆ. ಬೆಟ್ಟದ ಗಾಳಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಸರಿ, ಉಷಾರು" ಎಂದು ಶಾಂತಮಲ್ಲಮ್ಮ ಫೋನು ಇಟ್ಟರು.

ಶನಿವಾರ ಹೊರಡಬೇಕು, ಆದರೆ ಗಾಳಿ ಎದ್ದಿತು. ದಡಕ್ಕೂ ದ್ವೀಪಕ್ಕೂ ನಡುವೆ ಓಡುವ ಒಂದೇ ಬೋಟು ನಿಂತಿತು. ಭಾನುವಾರವೂ ನಿಂತಿತು, ಸೋಮವಾರವೂ ನಿಂತಿತು. ಮೊಯ್ದು ಕಾಕನ ಮನೆಯವರು ಇವರಿಗಾಗಿ ಮೀನಿಲ್ಲದ ಅಡುಗೆ ಬೇರೆ ಪಾತ್ರೆಯಲ್ಲಿ ಮಾಡಿ, ಹೊತ್ತು ಹೊತ್ತಿಗೆ ಬಡಿಸುತ್ತಿದ್ದರು. ಬಾಳೆಲೆಯ ಮುಂದೆ ಕೂತಾಗಲೆಲ್ಲ ಪವಿತ್ರಳಿಗೆ ಊರಿನಲ್ಲಿ ಅತ್ತೆ ಖಾಲಿ ಎಲೆಯ ಮುಂದೆ ಕೂತಿರುವುದು ಕಾಣುತ್ತಿತ್ತು. ಮೂರು ದಿನದ ಒಪ್ಪೊತ್ತು ಐದಾಯಿತು. ರಷ್ಷು ಇನ್ನೂ ಇಳಿದಿಲ್ಲ, ನೀವು ಊಟ ಮಾಡಿ ಎಂದು ಫೋನಿನಲ್ಲಿ ಹೇಳಿದರೆ, "ಪ್ರಸಾದ ಬರ್ಲಿ" ಎಂಬ ಒಂದೇ ಉತ್ತರ.

ಮಂಗಳವಾರ ಬೋಟು ಬಿಟ್ಟರು. ಬುಧವಾರ ಬೆಳಗ್ಗೆ ಸೋಮೇಶ ಲೋಡಿಗೆ ಹೋಗಲೇಬೇಕು. ಲಾರಿ ಮಾಲೀಕರು ಇನ್ನು ಒಂದು ದಿನವೂ ತಡೆಯುವುದಿಲ್ಲ ಎಂದಿದ್ದರು. ಬೆಟ್ಟಕ್ಕೆ ಹೋಗಲು ಹೊತ್ತೇ ಉಳಿಯಲಿಲ್ಲ.

"ಚಾಮರಾಜನಗರದಲ್ಲೇ ತಲೆ ಬೋಳಿಸ್ಕೊಂಬುಡ್ತೀನಿ" ಎಂದ ಸೋಮೇಶ. "ಪ್ರಸಾದ ಅಂತ ಅಲ್ಲೇ ಲಾಡೂ ತಗೊಳನ. ಕೂದ್ಲು ಕವರಲ್ಲಿ ಇಟ್ಕೊಂಡಿದ್ದು ಮುಂದಿನ ತಿಂಗಳು ಬೆಟ್ಟಕ್ಕೆ ಹಾಕಿ ಬತ್ತೀನಿ. ಅವ್ವನಿಗೇನು ಗೊತ್ತಾಯ್ತದೆ?"

ಪವಿತ್ರ ಬೇಡ ಎನ್ನಲಿಲ್ಲ. ಹೇಗಾದರೂ ಅತ್ತೆ ಇವತ್ತು ಎರಡು ಹೊತ್ತು ಉಂಡರೆ ಸಾಕಾಗಿತ್ತು ಅವಳಿಗೆ.

ಬೆಟ್ಟದಿಂದ ಬಂದವರ ಹಾಗೆ ಕಾಣಬೇಕಾದರೆ ಚಾಮರಾಜನಗರದ ಬಸ್ಸಿನಿಂದ ಇಳಿಯಬೇಕು. ಹಾಗಾಗಿ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ತಮ್ಮ ಊರನ್ನು ದಾಟಿಕೊಂಡೇ ಹೋದರು. ತೆರಕಣಾಂಬಿ ಕಳೆದು ಊರು ಹತ್ತಿರ ಬಂದಾಗ ಪವಿತ್ರ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಬಸ್ಸು ಹಂಪ್ ಮೇಲೆ ನಿಧಾನವಾಯಿತು. ಸರಿಯಾಗಿ ಮನೆಯ ಮುಂದೆ.

ಶಾಂತಮಲ್ಲಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು. ಹಣೆಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿದ್ದರು. ಅವರು ನೋಡುತ್ತಿದ್ದದ್ದು ಚಾಮರಾಜನಗರದ ಕಡೆಯ ರಸ್ತೆಯನ್ನು. ಗುಂಡ್ಲುಪೇಟೆ ಕಡೆಯಿಂದ ಬಂದ ಈ ಬಸ್ಸಿನತ್ತ ತಿರುಗಲೂ ಇಲ್ಲ. ಪವಿತ್ರಳಿಗೆ ಅವರ ಕುತ್ತಿಗೆಯ ಹಿಂಭಾಗ ಮಾತ್ರ ಕಂಡಿತು. ಆರು ದಿನದಲ್ಲಿ ಅದು ಸಣ್ಣದಾಗಿತ್ತು.

"ನೋಡಿದ್ರಾ?" ಎಂದಳು.

ಸೋಮೇಶ ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ. ನೋಡಿದ್ದ.

ಚಾಮರಾಜನಗರದ ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಸಲೂನು. ಗಿರಾಕಿಗಳಿರಲಿಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ಪವಿತ್ರ ಬ್ಯಾಗು ತಬ್ಬಿಕೊಂಡು ಕೂತಳು. ಬ್ಯಾಗಿನೊಳಗೆ ಮುಡಿಪಿತ್ತು, ಬೋಟಿನಲ್ಲಿ ನೀರು ಸಿಡಿದು ಅರಿಶಿನದ ಬಟ್ಟೆ ಒದ್ದೆಯಾಗಿ, ಅಕ್ಕಿ ಊದಿಕೊಂಡಿತ್ತು. ಸಲೂನಿನವನು ಸೋಮೇಶನ ತಲೆಗೆ ನೀರು ತಟ್ಟಿ, ಹಣೆಯಿಂದ ನೆತ್ತಿಯವರೆಗೆ ಕತ್ತಿ ಎಳೆದ. ಉದ್ದನೆಯ ಕೂದಲು ಹೆಗಲ ಬಟ್ಟೆಯ ಮೇಲೆ ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಸಲ ಎಳೆದ. ಮತ್ತೊಂದು ಸಲ. ಒಂದು ಕಡೆ ಬೋಳಾಗುತ್ತಾ ಬಂತು.

"ಯಾರು ಸಾರ್ ಹೋಗ್ಬುಟ್ಟದ್ದು?" ಎಂದು ಅವನು ಮೆಲ್ಲಗೆ ಕೇಳಿದ.

ಸೋಮೇಶ ಕನ್ನಡಿಯಲ್ಲಿ ಅವನನ್ನು ನೋಡಿದ. ಬೆಟ್ಟಕ್ಕೆ ಹೋಗುವವರು ಬೆಟ್ಟದಲ್ಲೇ ತಲೆ ಕೊಡುತ್ತಾರೆ. ಪೇಟೆಯ ಸಲೂನಿಗೆ ಬಂದು ಗಂಡಸು ತಲೆ ಬೋಳಿಸಿಕೊಂಡರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಇಬ್ಬರಿಗೂ ಇದು ಹೊಳೆದಿರಲಿಲ್ಲ.

ಉತ್ತರ ಬಾರದ್ದನ್ನು ನೋಡಿ ಸಲೂನಿನವನು ಟಿವಿಯ ಸದ್ದು ನಿಲ್ಲಿಸಿದ. "ತಾಯಿಯಾ ಸಾರ್?"

ಸೋಮೇಶ ತಲೆಯಾಡಿಸಿದ. ಹೌದು ಎಂದು.

ಅವನೇಕೆ ಹಾಗೆ ಮಾಡಿದನೋ, ಬಿಡಿಸಿ ಹೇಳಲು ಬಾಯಿ ಬರಲಿಲ್ಲವೋ, ಏನೋ. ಪವಿತ್ರ ಮಾತ್ರ ಅದನ್ನು ಕನ್ನಡಿಯಲ್ಲಿ ಸ್ಪಷ್ಟವಾಗಿ ನೋಡಿದಳು. ಜಗುಲಿಯ ಮೇಲಿನ ಆ ಸಣ್ಣ ಕುತ್ತಿಗೆ ಕಣ್ಣಿಗೆ ಬಂತು. ಅವಳು ಎದ್ದು ನಿಂತಳು.

"ಸಾಕು. ಎದ್ದೇಳಿ."

"ಅರ್ಧ ಆಗದೆ ಅಕ್ಕ" ಎಂದ ಸಲೂನಿನವನು.

"ಇರಲಿ ಅಣ್ಣ. ಅವರ ತಾಯಿ ಚೆನ್ನಾಗಿದ್ದಾರೆ. ಮನೇಲಿ ನಮಗೋಸ್ಕರ ಕಾಯ್ತಾ ಇದ್ದಾರೆ."

ಅವಳು ನೆಲಕ್ಕೆ ಕೂತು ಕೂದಲು ಆರಿಸತೊಡಗಿದಳು. ಬೆಳಗ್ಗೆಯಿಂದ ಯಾರುಯಾರದೋ ಕೂದಲು ಅಲ್ಲಿ ಬಿದ್ದಿತ್ತು. ಉದ್ದದ್ದೆಲ್ಲ ಮಾದಪ್ಪನದು ಎಂದು ಒಂದೊಂದನ್ನೇ ಹೆಕ್ಕಿ ಸೆರಗಿನಲ್ಲಿ ಹಾಕಿಕೊಂಡಳು. ಸಲೂನಿನವನು ಕತ್ತಿ ಹಿಡಿದು ನಿಂತೇ ಇದ್ದ. ಸೋಮೇಶ ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಹೋಗಿ, ಮುಖ ಆ ಕಡೆ ತಿರುಗಿಸಿ ನಿಂತ.

ಮೆಟ್ಟಿಲ ಮೇಲೆ ಕೂತು ಪವಿತ್ರ ಫೋನು ಮಾಡಿದಳು. ಮನೆಗೆ ಹೋಗಿ ಎದುರು ನಿಂತರೆ ಹೇಳಲಾರೆನೆಂದು ಅವಳಿಗೆ ಗೊತ್ತಿತ್ತು.

"ಅತ್ತೆ, ನೀವು ಊಟ ಮಾಡಿಬಿಡಿ. ನಾವು ಬೆಟ್ಟಕ್ಕೆ ಹೋಗೇ ಇಲ್ಲ. ಸಮುದ್ರ ನೋಡೋಕೆ ಹೋಗಿದ್ವಿ. ಸುಳ್ಳು ಹೇಳಿದ್ದು ನಾನೇ, ಅವರಲ್ಲ."

"ಅಂಗಾದ್ರೆ ಅವತ್ತಿನ ಆ ಸದ್ದು?"

"ಸಮುದ್ರದ್ದು ಅತ್ತೆ."

"ಬೆಟ್ಟದ ಗಾಳಿ ಅಂತ ನಾನು ಫೋನಿಗೆ ಕೈ ಮುಗುದ್ನಲ್ಲಮ್ಮಿ."

ಅವರು ಬೈದಿದ್ದರೆ ಚೆನ್ನಾಗಿತ್ತು.

"ಅವನ ತಲೆ?"

"ಅರ್ಧ ಆಗಿದೆ ಅತ್ತೆ. ಸಲೂನಿನಲ್ಲಿ. ಕೂದಲು ಎತ್ತಿಟ್ಕೊಂಡಿದ್ದೀನಿ."

"ಮಿಕ್ಕಿದ್ನ ಮುಟ್ಟಿಸ್ಬ್ಯಾಡ. ಮನೆಗೆ ಬನ್ನಿ. ನಾಳೆ ನಾನೂ ಬತ್ತೀನಿ, ಮೂರೂ ಜನ ಹೋಗನ."

"ಹಂಗಾದ್ರೆ ಈಗ ಊಟ ಮಾಡಿ ಅತ್ತೆ. ಕೈ ಮುಗೀತೀನಿ."

"ಹರಕೆ ಹೊತ್ತೋಳು ನಾನು. ನೀವು ಸುಳ್ಳಾಡಿದ್ರಿ ಅಂತ ನಾನ್ಯಾಕೆ ಸುಳ್ಳಾಗ್ಲಿ?" ಎಂದು ಫೋನು ಇಟ್ಟುಬಿಟ್ಟರು.

ಸೋಮೇಶ ಅಲ್ಲಿಂದಲೇ ದಿಲೀಪನಿಗೆ ಫೋನು ಮಾಡಿ, ಬುಧವಾರದ ಲೋಡು ನೀನೇ ಹೊಡೆದುಬಿಡು ಎಂದು ಬೇಡಿಕೊಂಡ. ಸಂಜೆ ಮನೆ ತಲುಪಿದಾಗ ಶಾಂತಮಲ್ಲಮ್ಮ ಎದ್ದು ಬಂದು, ಮಗನ ತಲೆಯ ಟವೆಲು ಎತ್ತಿ ನೋಡಿದರು.

"ಅರ್ಧ ಉತ್ತು ಎತ್ತು ಬಿಚ್ಚುದ ಹೊಲ ಇದ್ದಂಗದೆ" ಎಂದರು. ನಗಲಿಲ್ಲ. "ಸುತ್ಕೋ. ಊರೋರು ನೋಡಿ ನಗ್ತಾರೆ."

ಪವಿತ್ರ ಕೂದಲಿನ ಗಂಟನ್ನೂ ಒದ್ದೆ ಮುಡಿಪನ್ನೂ ದೇವರ ಮುಂದೆ ಇಟ್ಟಳು. ಅತ್ತೆ ಮುಡಿಪು ಬಿಚ್ಚಿ, ಊದಿದ ಅಕ್ಕಿಯನ್ನು ಬೆರಳಲ್ಲಿ ಮುಟ್ಟಿ, ಬೇರೆ ಅಕ್ಕಿ ತಂದು ಕಟ್ಟಿದರು. ಗಂಟು ಹಾಕುವಾಗ ಅವರ ಬೆರಳು ನಡುಗುತ್ತಿತ್ತು. ಆಮೇಲೆ ಇಬ್ಬರಿಗೂ ಮುದ್ದೆ, ಸೊಪ್ಪಿನ ಸಾರು ಬಡಿಸಿದರು.

ಪವಿತ್ರ ತಟ್ಟೆ ಪಕ್ಕಕ್ಕೆ ಸರಿಸಿದಳು. "ನಂದೂ ಒಪ್ಪೊತ್ತು ಅತ್ತೆ."

"ಆರು ದಿನ ಉಂಡು ಈಗ ಒಪ್ಪೊತ್ತಾ? ನಾಟಕ ಆಡ್ಬ್ಯಾಡ. ಉಣ್ಣು."

ಅವಳು ಉಂಡಳು. ಎರಡು ಸಲ ಬಡಿಸಿದರು, ಎರಡು ಸಲವೂ ಉಂಡಳು. ಬೇಡ ಎನ್ನುವ ಹಕ್ಕು ತನಗಿಲ್ಲ ಎನಿಸಿತು.

ಮರುದಿನ ಹೊತ್ತು ಏರುವ ಹೊತ್ತಿಗೆ ಬಸ್ಸು ಬೆಟ್ಟದ ತಿರುವು ಹತ್ತುತ್ತಿತ್ತು. ಕಿಟಕಿಯ ಬಳಿ ಶಾಂತಮಲ್ಲಮ್ಮ, ಪಕ್ಕದಲ್ಲಿ ಪವಿತ್ರ, ಹಿಂದಿನ ಸೀಟಿನಲ್ಲಿ ಟವೆಲು ಸುತ್ತಿದ ಸೋಮೇಶ. ಕಿಟಕಿಯಿಂದ ಗಾಳಿ ಜೋರಾಗಿ ನುಗ್ಗಿ ಬಂತು. ಇದು ನಿಜವಾದ ಬೆಟ್ಟದ ಗಾಳಿ. ಶಾಂತಮಲ್ಲಮ್ಮ ಕಿವಿಗೊಟ್ಟು ಕೇಳಿದರು.

"ಸಮುದ್ರದ್ದು ಇದ್ಕಿಂತ ಜೋರಾ?"

"ಜೋರು ಅತ್ತೆ."

"ಬುಡಾಕಿಲ್ವಾ ಅದು, ಸದ್ದು ಮಾಡೋದ್ನ?"

"ಇಲ್ಲ ಅತ್ತೆ. ಒಂದೇ ಸಮ."

"ಹೂಂ" ಎಂದು ಶಾಂತಮಲ್ಲಮ್ಮ ಕಣ್ಣು ಮುಚ್ಚಿ ಸೀಟಿಗೆ ಒರಗಿದರು. ಕ್ಷಮಿಸಿದರೋ ಇಲ್ಲವೋ ಆ ಮುಖದಲ್ಲಿ ಕಾಣಲಿಲ್ಲ. ಮಡಿಲಲ್ಲಿದ್ದ ಹೊಸ ಮುಡಿಪಿನ ಮೇಲೆ ಅವರ ಕೈಗಳಿದ್ದವು. ಸಕ್ಕರೆ ಇಳಿದರೆ ತಕ್ಷಣ ಬಾಯಿಗಿಡಲೆಂದು ಪವಿತ್ರ ಮನೆಯಿಂದ ಒಂದು ಚೂರು ಬೆಲ್ಲ ಹಿಡಿದು ತಂದಿದ್ದಳು. ಮತ್ತೆ ನಡುಗುತ್ತವೇನೋ ಎಂದು ತಿರುವು ತಿರುವಿಗೂ ಅವಳು ಅತ್ತೆಯ ಬೆರಳುಗಳನ್ನೇ ನೋಡುತ್ತಾ ಕೂತಳು. ಬೆಲ್ಲ ಅವಳ ಅಂಗೈಯಲ್ಲಿ ಬೆವರಿ, ಕರಗಿ, ಅಂಟಾಗಿತ್ತು.