ರೂಫಸ್ ಎಳೆದ ಕುರ್ಚಿ

ನನ್ನ ಮೈಯಲ್ಲಿ ಒಂದೇ ಒಂದು ಮೊಳೆಯಿಲ್ಲ. ಅಮೆರಿಕದ ದಕ್ಷಿಣದಲ್ಲಿ, ಅಲಬಾಮಾದ ಒಂದು ಸಣ್ಣ ಊರಿನಲ್ಲಿ, ಗಿಡಿಯನ್ ಎಂಬ ಕಪ್ಪು ಬಡಗಿ ನನ್ನನ್ನು ಮಾಡಿದ. ಕಾಲುಗಳಿಗೆ ಹಸಿ ಮರ, ಅಡ್ಡಪಟ್ಟಿಗಳಿಗೆ ಒಲೆಯ ಪಕ್ಕದಲ್ಲಿಟ್ಟು ಒಣಗಿಸಿದ ಮರ. ಹಸಿಯದು ದಿನ ಕಳೆದಂತೆ ಕುಗ್ಗಿ, ಒಣಗಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೂರುವ ಜಾಗಕ್ಕೆ ತೊಗಟೆಯ ಪಟ್ಟಿ ಹೆಣೆದ. ಚೊಚ್ಚಲ ಮಗಳು ಪರ್ಲೀನಳಿಗೆ ಹಾಲೂಡಿಸಲು ಅವನ ಹೆಂಡತಿ ಮೊದಲು ನನ್ನ ಮೇಲೆ ಕೂತಳು. ಕೆಲವು ವರ್ಷಗಳ ಮೇಲೆ ರೂಫಸ್ ಹುಟ್ಟಿದ.

ಪೇಟೆಯ ದೊಡ್ಡ ಅಂಗಡಿಯಲ್ಲಿ ಕಪ್ಪು ಜನ ದಾರ, ಗುಂಡಿ, ಬಟ್ಟೆ ಏನು ಬೇಕಾದರೂ ಕೊಳ್ಳಬಹುದಿತ್ತು. ಅಲ್ಲೇ ಇದ್ದ ಕಾಫಿ ಕೌಂಟರಿನ ಮುಂದೆ ಮಾತ್ರ ಕೂರುವ ಹಾಗಿರಲಿಲ್ಲ, ಅದು ಬಿಳಿಯರದು. ಒಮ್ಮೆ ಮಕ್ಕಳ ತಾಯಿ, ಕಾಲು ಊದಿಕೊಂಡು ನಿಲ್ಲಲಾರದೆ, ಅಲ್ಲಿನ ಸ್ಟೂಲಿನ ಮೇಲೆ ಕೂತುಬಿಟ್ಟಳಂತೆ. ಅಂಗಡಿಯವರು ಮಕ್ಕಳ ಕಣ್ಣೆದುರೇ ತೋಳು ಹಿಡಿದು ಎಬ್ಬಿಸಿದರು. ಮನೆಗೆ ಬಂದು ನನ್ನ ಮೇಲೆ ಕೂತಾಗ ಆಕೆ ಅಳಲಿಲ್ಲ. ಆದರೆ ತುಂಬ ಹೊತ್ತು ಏಳಲೂ ಇಲ್ಲ. ಪರ್ಲೀನ್ ನನ್ನ ಬೆನ್ನು ಹಿಡಿದು ನಿಂತಿದ್ದಳು. ಆ ಪುಟ್ಟ ಬೆರಳುಗಳ ಬಿಗಿ ನನಗೆ ಈಗಲೂ ನೆನಪಿದೆ.

ತಂದೆತಾಯಿ ತೀರಿಕೊಂಡ ಮೇಲೂ ಅಕ್ಕತಮ್ಮ ಅದೇ ಮನೆಯಲ್ಲಿದ್ದರು. ಪರ್ಲೀನ್ ಬಟ್ಟೆ ಹೊಲಿಯುತ್ತಿದ್ದಳು; ಮೂಗಿನ ತುದಿಯಲ್ಲೇ ಕೋಪ. ರೂಫಸ್ ಯುದ್ಧ ಮುಗಿಸಿ ಬಂದು ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಗಟ್ಟಿಯಾಗಿ ಮಾತಾಡಿದವನಲ್ಲ. ಕಪ್ಪು ಜನ ವೋಟು ಹಾಕುವುದನ್ನು ಬಿಳಿಯರು ಸಹಿಸುತ್ತಿರಲಿಲ್ಲ; ಪರ್ಲೀನ್ ವೋಟಿಗೆ ಹೆಸರು ಬರೆಸಲು ಹೋದ ವಾರವೇ ಯಾರೋ ಕಿಟಕಿಗೆ ಕಲ್ಲು ಹೊಡೆದರು. ಅಂದಿನಿಂದ ರೂಫಸ್ ಸಂಜೆಯಾದರೆ ನನ್ನನ್ನು ಜಗಲಿಗೆ ತಂದು, ಅಪ್ಪನ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂರತೊಡಗಿದ. ಮನೆಯ ಮುಂದೆ ವೇಗ ಇಳಿಸಿದ ಕಾರುಗಳು ಅವನನ್ನು ಕಂಡು ಮುಂದೆ ಹೋಗುತ್ತಿದ್ದವು.

ಆಶ್ಚರ್ಯವೆಂದರೆ, ಕೋಪಿಷ್ಠೆ ಪರ್ಲೀನ್ ಅಹಿಂಸೆಯ ದಾರಿ ಹಿಡಿದಳು. ಆ ಕೌಂಟರಿನಲ್ಲಿ ಸಾಲಾಗಿ ಹೋಗಿ ಕೂರುವುದು, ಹೊಡೆದರೂ ಬೈದರೂ ಕೈ ಎತ್ತದಿರುವುದು ಎಂದು ಚರ್ಚಿನವರು ನಿರ್ಧರಿಸಿದ್ದರು. ಅದಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ತಾಲೀಮು. ಸ್ಟೂಲುಗಳಿಲ್ಲದ್ದರಿಂದ ಎಲ್ಲರೂ ಮನೆಯಿಂದ ಕುರ್ಚಿ ತಂದರು. ರೂಫಸ್ ನನ್ನನ್ನು ಹೆಗಲ ಮೇಲೆ ಹೊತ್ತು ತಂದ. ಅರ್ಧ ಜನ ಕೂರುವವರು, ಇನ್ನರ್ಧ ಜನ ಬಿಳಿಯರಂತೆ ನಟಿಸಿ ಹಿಂಸಿಸುವವರು.

ಮೊದಲ ದಿನವೇ ಮುಖಕ್ಕೆ ಸಿಗರೇಟಿನ ಹೊಗೆ ಬಿಟ್ಟ ಹಿರಿಯರೊಬ್ಬರ ಕೆನ್ನೆಗೆ ಪರ್ಲೀನ್ ಬಾರಿಸಿಬಿಟ್ಟಳು. ಪಾದ್ರಿ ಟಾಲಿವರ್ ಮೆಲ್ಲಗೆ ಹೇಳಿದರು: “ಸಿಸ್ಟರ್, ನೀವು ಒಂದು ಏಟು ಕೊಟ್ಟರೆ ಪಕ್ಕದಲ್ಲಿ ಕೂತ ಮಕ್ಕಳೆಲ್ಲ ಹತ್ತು ತಿನ್ನಬೇಕಾಗುತ್ತೆ. ಇನ್ನೊಂದು ಸಲ ನೋಡೋಣ. ಆಗದಿದ್ದರೆ ಮನೆಯಲ್ಲೇ ಇದ್ದು ಊಟ ಕಟ್ಟಿಕೊಡಿ.”

ಪರ್ಲೀನಳ ಮುಖ ಇಳಿದುಹೋಯಿತು. ಅಮ್ಮನನ್ನು ಎಬ್ಬಿಸಿದ ಜಾಗದಲ್ಲಿ ಕೂರಬೇಕೆಂಬುದೊಂದೇ ಆಕೆಯ ಆಸೆ. ಬಾಗಿಲ ಬಳಿ ನಿಂತಿದ್ದ ತಮ್ಮನನ್ನು ಕರೆದಳು. “ಬಿಳಿಯನ ಪಾತ್ರ ನೀನು ಮಾಡು. ನನಗೆ ಎಲ್ಲಿ ಚುಚ್ಚುತ್ತೆ ಅಂತ ನಿನಗೇ ಗೊತ್ತಿರೋದು.”

“ನನಗೆ ನಿಮ್ಮ ದಾರೀಲಿ ನಂಬಿಕೆ ಇಲ್ಲ ಅಕ್ಕ. ಹೊಡೆದವನಿಗೆ ಕೆನ್ನೆ ಕೊಡೋದು ನನ್ನಿಂದಾಗಲ್ಲ.”

“ಕೊಡು ಅಂದೋರ್ಯಾರು? ಹೊಡಿ ಅಂತಿದೀನಿ.”

ಎಲ್ಲರೂ ನಕ್ಕರು. ಪರ್ಲೀನ್ ನನ್ನ ಮೇಲೆ ಕೂತಳು. ರೂಫಸ್ ತಾಲೀಮಿಗೆಂದು ಇಟ್ಟಿದ್ದ ಸಕ್ಕರೆ ಡಬ್ಬಿ ತೆಗೆದುಕೊಂಡು ಆಕೆಯ ತಲೆಯ ಮೇಲೆ ಚೂರುಚೂರೇ ಸುರಿದ.

“ಏನೋ ಇದು, ಕೇಕಿಗೆ ಉದುರಿಸ್ತಿದೀಯಾ?” ಎಂದಳು ಪರ್ಲೀನ್. “ನೀನಿಲ್ಲಿ ಕರುಣೆ ತೋರಿಸಿದ್ರೆ ನಾನಲ್ಲಿ ಕೈ ಎತ್ತಿಬಿಡ್ತೀನಿ ಕಣೋ.”

ರೂಫಸ್ ಡಬ್ಬಿಯನ್ನು ಪೂರಾ ಬೋರಲು ಹಾಕಿದ. ಆಮೇಲೆ ಆಕೆಯ ಕಿವಿಯ ಹತ್ತಿರ ಬಗ್ಗಿ, ನಾನೆಂದೂ ಕೇಳದ ದನಿಯಲ್ಲಿ ಹೇಳಿದ: “ಏಳೇ ಮೇಲೆ. ನಿಮ್ಮಮ್ಮನ್ನೂ ಇಲ್ಲಿಂದಲೇ ಎಬ್ಬಿಸಿದ್ವಿ. ಮರೆತುಹೋಯ್ತಾ?”

ಹಾಗೆಂದು ನನ್ನನ್ನು ಹಿಂದಕ್ಕೆಳೆದ. ಪರ್ಲೀನ್ ನೆಲಕ್ಕೆ ಬಿದ್ದಳು. ನಾನು ಗೋಡೆಗೆ ಬಡಿದು ಒಂದು ಅಡ್ಡಪಟ್ಟಿ ಮುರಿದುಕೊಂಡೆ. ಆಕೆಯ ಮುಷ್ಟಿ ಬಿಗಿಯಿತು. ಆಮೇಲೆ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಎದ್ದಳು, ನನ್ನನ್ನು ನೆಟ್ಟಗೆ ನಿಲ್ಲಿಸಿದಳು, ಮತ್ತೆ ಕೂತಳು.

ರೂಫಸ್ ಮಂಡಿಯೂರಿ ಅಕ್ಕನ ಕೂದಲಿನಿಂದ ಸಕ್ಕರೆ ಬಿಡಿಸತೊಡಗಿದ. “ನಿನ್ನ ದಾರಿ ಸರಿ ಅಂತ ನಾನೇನೂ ಒಪ್ಪಿಲ್ಲ.”

“ಒಪ್ಪು ಅಂತ ಯಾರು ಕೇಳಿದ್ರು? ಬಲಗಡೆ ಇನ್ನೂ ಇದೆ ನೋಡು, ತೆಗಿ.”

ಪರ್ಲೀನ್ ಮತ್ತು ಚರ್ಚಿನವರು ಕೌಂಟರಿಗೆ ಹೋದ ದಿನ ನಾನಿದ್ದದ್ದು ಜಗಲಿಯಲ್ಲಿ. ಕೈಗೆ ಏನಾದರೂ ಕೆಲಸ ಬೇಕಾಗಿ ರೂಫಸ್ ನನಗೆ ಹೊಸ ಅಡ್ಡಪಟ್ಟಿ ಕೆತ್ತಿ ಸೇರಿಸಿದ. ಆದರೆ ನನ್ನ ಕಾಲುಗಳು ಎಂದೋ ಒಣಗಿ ಗಟ್ಟಿಯಾಗಿದ್ದವು. ಹೊಸದನ್ನು ಪೂರ್ತಿ ಬಿಗಿಹಿಡಿಯಲಾಗಲಿಲ್ಲ. ಯಾರು ಕೂತರೂ ಕಿರ್ರೆನ್ನುವುದು ಆಗ ಬಂದ ಅಭ್ಯಾಸ.

ಸಂಜೆ ಪರ್ಲೀನ್ ಬಂದಳು. ತುಟಿ ಊದಿತ್ತು, ಕೂದಲಲ್ಲಿ ಸಾಸಿವೆ ಸಾಸ್ ಮೆತ್ತಿಕೊಂಡಿತ್ತು. ರೂಫಸ್ ಎದ್ದು ನನ್ನನ್ನು ಆಕೆಗೆ ಕೊಟ್ಟ.

“ಕೈ ಎತ್ತಿದೆಯಾ?”

“ಇಲ್ಲ. ನಿನಗಿಂತ ಅವರೇ ವಾಸಿ ಕಣೋ.”

ಅದು ಸುಳ್ಳು. ಆಕೆ ಕೂತ ಭಾರದಿಂದಲೇ ನನಗೆ ತಿಳಿಯಿತು. ರೂಫಸನಿಗೂ ತಿಳಿದಿರಬೇಕು; ಬಿಸಿನೀರು ತರಲು ಒಳಗೆ ಹೋದ.

ಮತ್ತೆ ಮತ್ತೆ ಹೋಗಿ ಕೂತರು. ಕೊನೆಗೊಂದು ದಿನ ಕೌಂಟರು ಎಲ್ಲರಿಗೂ ತೆರೆಯಿತು. ಅಕ್ಕತಮ್ಮ ಜೊತೆಯಾಗಿ ಹೋಗಿ ಬಂದರು. “ಈ ನೀರು ಕಾಫಿಗಾ ಅಷ್ಟು ಏಟು ತಿಂದೆ?” ಎಂದು ರೂಫಸ್ ಛೇಡಿಸಿದ. ಅವನು ಕೊನೆಯವರೆಗೂ ಬಂದೂಕನ್ನು ಬಿಡಲಿಲ್ಲ, ಆಕೆ ಅದನ್ನು ಒಪ್ಪಲಿಲ್ಲ. ಭಾನುವಾರದ ಊಟದ ಹೊತ್ತಿಗೆ ವಾದ ತಪ್ಪುತ್ತಿರಲಿಲ್ಲ. ಅವನ ತಟ್ಟೆಗೆ ಆಕೆಯ ಕೈಯಿಂದ ಮಾಂಸದ ದೊಡ್ಡ ತುಂಡು ಬೀಳುವುದೂ ತಪ್ಪುತ್ತಿರಲಿಲ್ಲ. ಯಾರ ದಾರಿ ಸರಿ ಎಂದು ನನ್ನನ್ನು ಕೇಳಬೇಡಿ. ನಾನು ಇಬ್ಬರನ್ನೂ ಹೊತ್ತಿದ್ದೇನೆ, ಇಬ್ಬರೂ ಹಗುರದವರಲ್ಲ.

ಆ ಅಂಗಡಿಯ ಸ್ಟೂಲುಗಳು ಈಗ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದಿವೆಯಂತೆ. ಅವುಗಳ ಮೇಲೆ ಈಗ ಯಾರೂ ಕೂರುವಂತಿಲ್ಲ. ನಾನು ಚರ್ಚಿನ ನೆಲಮಾಳಿಗೆಯ ಮೂಲೆಯಲ್ಲಿದ್ದೇನೆ; ಕಾಲು ನೋಯುವವರೆಲ್ಲ ಬಂದು ಕೂರುತ್ತಾರೆ.

ನನ್ನನ್ನು ಇಲ್ಲಿಗೆ ತಂದವಳು ಪರ್ಲೀನೇ, ರೂಫಸ್ ತೀರಿಕೊಂಡ ವರ್ಷ. ಹೊಸ ಪಾದ್ರಿ, ರೂಫಸ್ ಸೇರಿಸಿದ ಅಡ್ಡಪಟ್ಟಿ ಕಿರ್ರೆನ್ನುವ ಸದ್ದು ಕೇಳಿ, “ಒಂದಿಷ್ಟು ಅಂಟು ಹಾಕಿದ್ರೆ ಸರಿಹೋಗುತ್ತೆ, ಅಮ್ಮ” ಎಂದರು.

“ಬೇಡಪ್ಪ, ಹಾಗೇ ಇರಲಿ” ಎಂದಳು ಆಕೆ.

ಅವರು ಹೋದ ಮೇಲೆ, ನನ್ನ ಮೇಲೆ ಕೂತಿದ್ದವಳು ಬೇಕೆಂದೇ ಒಮ್ಮೆ ಬಲಕ್ಕೆ ವಾಲಿದಳು. ನಾನು ಕಿರ್ರೆಂದೆ. ಆಕೆ ನಕ್ಕು, ಮತ್ತೊಮ್ಮೆ ವಾಲಿದಳು.